ಮಗುಚಬಾರದ ಮೀನು

ನೋಣಯ್ಯ ಬಂಟ್ವಾಳ ಪೇಟೆಯ ರಸ್ತೆಯಲ್ಲಿ ಬರುತ್ತಿದ್ದರೆ ಗುರುತಿನವರು ಮೊದಲು ಅವನ ಕೈ ನೋಡುತ್ತಿದ್ದರು. ಬೆರಳು ಬಿಚ್ಚಿಕೊಂಡಿದ್ದರೆ ಮಾತಾಡಿಸಬಹುದು. ಮುಷ್ಟಿ ಕಟ್ಟಿಕೊಂಡಿದ್ದರೆ ಪಕ್ಕದ ಅಂಗಡಿಯೊಳಗೆ ನುಗ್ಗಿ, ಬೇಡದ ಸಾಬೂನಿಗೆ ಕ್ರಯ ಕೇಳುತ್ತಾ ನಿಂತುಬಿಡುವುದು ಒಳ್ಳೆಯದು.

ಅವನು ನೇತ್ರಾವತಿಯಲ್ಲಿ ಮರಳು ತೆಗೆಯುವವನು. ಮೀಸೆ ಬರುವ ಮೊದಲೇ ದೋಣಿ ಹತ್ತಿದವನು. ಉಸಿರು ಕಟ್ಟಿ ಹೊಳೆಯ ತಳಕ್ಕೆ ಮುಳುಗುವುದು, ಬಕೆಟಿನಲ್ಲಿ ಮರಳು ತುಂಬಿ ಮೇಲೆ ತಂದು ದೋಣಿಗೆ ಸುರಿಯುವುದು, ಮತ್ತೆ ಮುಳುಗುವುದು. ಆ ಕೆಲಸ ಅವನ ಭುಜವನ್ನು ಅಗಲ ಮಾಡಿತ್ತು, ಕಣ್ಣನ್ನು ಸದಾ ಕೆಂಪಗೆ ಇಟ್ಟಿತ್ತು. ಸಿಟ್ಟು ಎಲ್ಲಿಂದ ಬಂತೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಒಮ್ಮೆ ಮರಳಿನ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಒಬ್ಬ ಲಾರಿ ಡ್ರೈವರ್ ಏಕವಚನದಲ್ಲಿ ಕರೆದನೆಂದು, ದೋಣಿ ನೂಕುವ ಬಿದಿರ ಗಳದಿಂದ ಅವನ ದವಡೆ ಮುರಿದಿದ್ದ. ಇನ್ನೊಮ್ಮೆ ಶೇಂದಿ ಅಂಗಡಿಯಲ್ಲಿ ಪಕ್ಕದವನು ತನ್ನನ್ನು ನೋಡಿ ನಕ್ಕನೆಂದು ಅವನ ಮುಖವನ್ನು ಸಿಮೆಂಟಿನ ಕಟ್ಟೆಗೆ ಒತ್ತಿ ಉಜ್ಜಿದ್ದ. ಆ ಮನುಷ್ಯ ನಗುತ್ತಿದ್ದದ್ದು ಮೊಬೈಲಿನೊಳಗಿನ ಯಾವುದೋ ತಮಾಷೆಗೆ. ಎದುರಿನ ಹಲ್ಲುಗಳು ಅಲ್ಲೇ ಉದುರಿದ ಮೇಲೆ ಅದು ತಿಳಿಯಿತು. ನೋಣಯ್ಯ ಆ ಹಲ್ಲುಗಳನ್ನು ಹೆಕ್ಕಿ ಅವನ ಅಂಗಿಯ ಕಿಸೆಯಲ್ಲಿ ಹಾಕಿ ಬಂದ. ಅವನ ಲೆಕ್ಕದಲ್ಲಿ ಅದು ಕ್ಷಮೆ ಕೇಳಿದ ಹಾಗೆ.

ಮರಳಿನ ಕಂಟ್ರಾಕ್ಟರ್ ಅಶೋಕ್‌ಗೆ ಇಂಥ ಕೈಗಳೇ ಬೇಕಾಗಿದ್ದವು. "ನಾಯಿ ಸಾಕಿದರೆ ದಿನಾ ಅನ್ನ ಹಾಕಬೇಕು ಮಾರಾಯ. ನೋಣಯ್ಯನಿಗಾದರೆ ಹೆಗಲ ಮೇಲೊಮ್ಮೆ ಕೈ ಹಾಕಿದರೆ ಸಾಕು" ಎಂದು ಅವನು ಎಲ್ಲರೆದುರು ನಗುತ್ತಿದ್ದ. ನೋಣಯ್ಯನೂ ನಗುತ್ತಿದ್ದ.

ನೋಣಯ್ಯನ ತಮ್ಮ ಶಂಭು ಸಾಧು ಮನುಷ್ಯ. ಅಣ್ಣ ಹೊಡೆದವರ ಮನೆಗೆ ಹೋಗಿ ಸಮಾಧಾನ ಹೇಳಿ ಬರುವುದು ಅವನ ಕೆಲಸವಾಗಿತ್ತು. ಇಬ್ಬರದ್ದೂ ಒಂದೇ ದೋಣಿ. ಮಳೆಗಾಲ ಆರಂಭವಾಗುವ ಹೊತ್ತಿನ ಒಂದು ಸಂಜೆ, ಹೊಳೆಯ ನೀರು ಕೆಂಪಾಗಿ ಏರುತ್ತಿದ್ದಾಗ, ದೋಣಿಯ ಅಂಚಿನವರೆಗೆ ಮರಳು ತುಂಬಿತ್ತು. "ಸಾಕು ಅಶೋಕಣ್ಣ" ಎಂದ ಶಂಭು. ದಡದಲ್ಲಿ ನಿಂತಿದ್ದ ಅಶೋಕ್ "ದೋಣಿಗೆ ಹೊಟ್ಟೆ ತುಂಬಲಿಲ್ಲ, ಇನ್ನೂ ಹಾಕಿ" ಎಂದ. ಹಾಕಿದರು. ಸೇತುವೆಯ ಕಂಬದ ಹತ್ತಿರ ಸೆಳೆತಕ್ಕೆ ಸಿಕ್ಕಿ ದೋಣಿ ಮಗುಚಿತು. ನೋಣಯ್ಯ ಮೇಲೆ ಬಂದ. ಶಂಭು ದೋಣಿಯ ಅಡಿಯಲ್ಲಿ ಉಳಿದ. ಮರುದಿನ ಅವನನ್ನು ಎತ್ತಿ ದಡದಲ್ಲಿ ಮಲಗಿಸಿದಾಗ ಬಾಯಿಯ ತುಂಬ ಮರಳಿತ್ತು. ನೋಣಯ್ಯ ಅದನ್ನು ಬೆರಳು ಹಾಕಿ ತೆಗೆಯುತ್ತಲೇ ಇದ್ದ. ನಾಲ್ಕು ಜನ ಹಿಡಿದು ಎಳೆಯಬೇಕಾಯಿತು.

ಅಂದಿನಿಂದ ಅವನಿಗೆ ಒಂದು ಶಬ್ದ ಆಗುತ್ತಿರಲಿಲ್ಲ. ದಕ್ಕೆಯಲ್ಲಿ ಅವನಿರುವಾಗ ಯಾರೂ 'ಮಗುಚು' ಎನ್ನುತ್ತಿರಲಿಲ್ಲ. ಖಾಲಿ ಬಕೆಟನ್ನು ಕೂಡ 'ಬೋರಲು ಹಾಕು' ಎನ್ನುತ್ತಿದ್ದರು. ಮರೆತು ಹೇಳಿದ ಒಬ್ಬನ ಕಿವಿಯಿಂದ ನೆತ್ತರು ಬಂದಿತ್ತು.

ಆದರೆ ಮನೆಯಲ್ಲಿ ಎಷ್ಟೆಂದು ಎಚ್ಚರವಿರುವುದು? ಒಂದು ಬೆಳಿಗ್ಗೆ ಹೆಂಡತಿ ಕುಸುಮ ದೋಸೆ ಹೊಯ್ಯುತ್ತಿದ್ದಳು. ಮಗಳು ತೃಪ್ತಿ ಸಟ್ಟುಗ ಹಿಡಿದು ನಿಂತಿದ್ದಳು. "ಕರಟುತ್ತದೆ, ಬೇಗ ಮಗುಚಿ ಹಾಕು" ಎಂದಳು ಕುಸುಮ. ಅಷ್ಟೆ. ನೋಣಯ್ಯ ಒಲೆಯ ಮೇಲಿದ್ದ ಕಬ್ಬಿಣದ ಕಾವಲಿಯನ್ನೇ ಎತ್ತಿ ಹೆಂಡತಿಯ ಕಡೆಗೆ ಬೀಸಿದ. ತೃಪ್ತಿ ಅಡ್ಡ ಬಂದು ಕೈ ಕೊಟ್ಟಳು. ಕಾದ ಕಬ್ಬಿಣ ಮಣಿಕಟ್ಟಿಗೆ ಬಡಿದ ಸದ್ದು, ಚರ್ಮ ಸುಟ್ಟ ಸದ್ದು, ಎಲುಬು ಮುರಿದ ಸದ್ದು ಎಲ್ಲ ಒಟ್ಟಿಗೆ ಕೇಳಿದವು. ಕುಸುಮ ಅಳಲಿಲ್ಲ, ಬೈಯಲಿಲ್ಲ. ಮಗಳ ಕೈಗೆ ಒದ್ದೆ ಬಟ್ಟೆ ಸುತ್ತಿ ಆಸ್ಪತ್ರೆಗೆ ಹೋದವಳು ಅಲ್ಲಿಂದಲೇ ಮುಂಡಾಜೆಯ ತನ್ನ ಅಣ್ಣನ ಮನೆಗೆ ಬಸ್ಸು ಹತ್ತಿದಳು. ಕಾವಲಿ ತುಂಬ ದಿನ ಅಂಗಳದಲ್ಲಿ ಬಿದ್ದಿತ್ತು. ಅದನ್ನು ಮುಟ್ಟಲು ನೋಣಯ್ಯನಿಗೆ ಧೈರ್ಯವಾಗಲಿಲ್ಲ.

ಪೇಟೆಯಿಂದ ಹೊಳೆಗೆ ಇಳಿಯುವ ಓಣಿಯಲ್ಲಿ ಬದ್ರುದ್ದೀನನ 'ಕ್ಯಾಂಟನ್ ಚೈನೀಸ್' ಎಂಬ ಹೋಟೆಲಿತ್ತು. ಬದ್ರುದ್ದೀನ್ ಬಹಳ ಕಾಲ ಶಾರ್ಜಾದಲ್ಲಿ, ಚೀನಾದ ಕ್ಯಾಂಟನ್ ಕಡೆಯ ಒಬ್ಬ ಮುದಿ ಅಡುಗೆಯವನ ಕೈಕೆಳಗೆ ಕೆಲಸ ಮಾಡಿದ್ದ. ಅವನನ್ನು 'ಉಸ್ತಾದ್' ಎಂದೇ ಕರೆಯುತ್ತಿದ್ದ. ಊರಿಗೆ ಬಂದು, ಹೆಂಡತಿ ಸೈನಬಳ ತವರಿನ ಜಾಗದಲ್ಲಿ ಹೋಟೆಲು ತೆರೆದ. ಬೋರ್ಡು ನೋಡಿದವರೆಲ್ಲ ಅದು ಕ್ಯಾಂಟೀನು, ಬರೆದವನು ದೀರ್ಘ ಮರೆತಿದ್ದಾನೆ ಎಂದುಕೊಂಡರು. ಒಳಗೆ ಬಂದು ಗೋಳಿಬಜೆ ಕೇಳಿದರು. ಒಬ್ಬ ನಿವೃತ್ತ ಮಾಸ್ತರರು ತಾವೇ ಬಣ್ಣ ತಂದು ತಿದ್ದಿಕೊಡುತ್ತೇನೆಂದರು. ಬದ್ರುದ್ದೀನ್ ಸೋತು, ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯಿಟ್ಟು ಕೆಂಪು ಬಣ್ಣದ ಗೋಬಿ ಮಂಚೂರಿ ಮಾರತೊಡಗಿದ. ತನ್ನ ನಿಜವಾದ ಅಡುಗೆಯನ್ನು ಒಳಗೆ, ಕೇಳಿದವರಿಗಷ್ಟೇ ಮಾಡುತ್ತಿದ್ದ.

ಆ ಹೋಟೆಲಿನ ಹಿಂದಿನ ಬಾಗಿಲು ತೆರೆದರೆ ನೇರ ಹೊಳೆ. ಅಶೋಕ್‌ನ ಕಣ್ಣು ಬಿದ್ದದ್ದು ಅದರ ಮೇಲೆ. ಯಾರಿಗೂ ಕಾಣದೆ ಮರಳು ಇಳಿಸಲು ಅಂಥ ಇನ್ನೊಂದು ದಾರಿ ಪೇಟೆಯಲ್ಲಿರಲಿಲ್ಲ. ಕೇಳಿದ, ಬದ್ರುದ್ದೀನ್ ಒಪ್ಪಲಿಲ್ಲ.

"ಹೋಗಿ ಸ್ವಲ್ಪ ಹೆದರಿಸಿ ಬಾ ನೋಣಯ್ಯ" ಎಂದ ಅಶೋಕ್. "ಕೊಲ್ಲುವುದು ಬೇಡ. ನಾಳೆ ಬಾಗಿಲು ತೆಗೆಯುವಾಗ ಕೈ ನಡುಗಿದರೆ ಸಾಕು."

ನೋಣಯ್ಯ ಮಧ್ಯಾಹ್ನದ ಹೊತ್ತಿಗೆ ಹೋದ. ಮಾತಿಲ್ಲ ಕತೆಯಿಲ್ಲ. ಗೋಬಿಯ ಗಾಜಿನ ಪೆಟ್ಟಿಗೆಗೆ ಒದ್ದ. ಗಾಜು ರಸ್ತೆಯವರೆಗೆ ಚೆಲ್ಲಿತು. ಒಂದು ಮೇಜನ್ನು ಎತ್ತಿ ಗೋಡೆಗೆ ಬಡಿದ. ಉಣ್ಣುತ್ತಿದ್ದವರು ಕೈ ತೊಳೆಯದೆ ಓಡಿದರು. ಹಣದ ಗಲ್ಲೆಯ ಹಿಂದಿದ್ದ ಸೈನಬ ಎದ್ದು ನಿಂತು, "ಯಾ ಅಲ್ಲಾ, ಇವನಿಗೆ ಎಂತ ಹಿಡಿದಿದೆ?" ಎಂದು ಕಿರುಚಿದಳು. ಅಷ್ಟರಲ್ಲಿ ಬದ್ರುದ್ದೀನ್ ಅಡುಗೆಮನೆಯಿಂದ ಬಂದ. ಎರಡೂ ಕೈಯಲ್ಲಿ ಒಂದು ಉದ್ದದ ತಟ್ಟೆ. ತಟ್ಟೆಯಲ್ಲಿ ಹಬೆಯಾಡುವ ಇಡೀ ಮಾಂಜಿ ಮೀನು.

"ಹೊಡೆಯುವುದಾದರೆ ಹೊಡಿ ನೋಣಯ್ಯಣ್ಣ" ಎಂದ ಅವನು. ಧ್ವನಿ ನಡುಗುತ್ತಿತ್ತು, ತಟ್ಟೆ ನಡುಗುತ್ತಿರಲಿಲ್ಲ. "ಆದರೆ ಈ ಮೀನಿಗೆ ಕಾಯ್ಲಿಕ್ಕೆ ಪುರುಸೊತ್ತಿಲ್ಲ. ಆರಿದರೆ ಹಾಳು. ಇದನ್ನು ಮಾಡಲು ಹೇಳಿದವರು ನಿನ್ನನ್ನು ಕಂಡು ಓಡಿದರು. ನೀನೇ ತಿನ್ನು. ತಿಂದ ಮೇಲೆ ಹೊಡಿ."

ನೋಣಯ್ಯನಿಗೆ ಯಾರೂ ಹೀಗೆ ಹೇಳಿದ್ದಿಲ್ಲ. ಅವನು ಕುಳಿತ, ಪಕ್ಕದಲ್ಲಿ ಮುರಿದ ಮೇಜು ಬಿದ್ದಿರುವಾಗಲೇ. ಮೀನಿನ ಮೇಲೆ ನೂಲಿನಷ್ಟು ಸಣ್ಣಗೆ ಹೆಚ್ಚಿದ ಶುಂಠಿ, ಎಳೆ ಈರುಳ್ಳಿಸೊಪ್ಪು. ಅಡಿಯಲ್ಲಿ ತೆಳ್ಳಗಿನ ಕಂದು ರಸ. ಮೆಣಸಿಲ್ಲ, ಹುಳಿಯಿಲ್ಲ, ತೆಂಗಿನಕಾಯಿಯಿಲ್ಲ. ಇದೆಂತ ರೋಗಿಯ ಊಟ ಎಂದುಕೊಂಡು ಒಂದು ತುಂಡು ಬಾಯಿಗಿಟ್ಟ. ಮೀನು ನಾಲಿಗೆಯ ಮೇಲೆ ಬೆಣ್ಣೆಯ ಹಾಗೆ ಬಿಚ್ಚಿಕೊಂಡಿತು. ಹುಟ್ಟಿದಂದಿನಿಂದ ಮೀನು ತಿಂದವನು, ಆದರೆ ಮಸಾಲೆಯ ಅಡಿಯಲ್ಲಿ ಮೀನಿಗೆ ಅದರದ್ದೇ ಆದ ಸಿಹಿ ಉಂಟು ಎಂಬುದು ಅವನಿಗೆ ಆವತ್ತೇ ತಿಳಿದದ್ದು. ಅನ್ನಕ್ಕೆ ಆ ರಸ ಹಾಕಿ ಕಲಸಿದ. ತಲೆ ಎತ್ತದೆ ತಿಂದ.

ಮೇಲಿನ ಮೈ ಮುಗಿಯಿತು. ನಡುಎಲುಬು ಕಾಣಿಸಿತು. ಕೆಳಗಿನ ಮೈ ತಿನ್ನಲು ಮೀನಿನ ಬಾಲಕ್ಕೆ ಬೆರಳು ಹಾಕಿದನೋ ಇಲ್ಲವೋ, ಬದ್ರುದ್ದೀನ್ ಧಾವಿಸಿ ಬಂದು ಅವನ ಮಣಿಕಟ್ಟು ಹಿಡಿದ.

"ಮಗುಚಬೇಡ!"

ಸೈನಬ ಕಣ್ಣು ಮುಚ್ಚಿಕೊಂಡಳು. ಆ ಶಬ್ದ ಹೇಳಿದವರಿಗೆ ಏನಾಗುತ್ತದೆಂದು ಓಣಿಗೆಲ್ಲ ಗೊತ್ತಿತ್ತು. ನೋಣಯ್ಯನ ಎಡಗೈ ಆಗಲೇ ಮೇಲೆದ್ದಿತ್ತು.

"ಮೀನು ಮಗುಚಿದರೆ ದೋಣಿ ಮಗುಚುತ್ತದೆ" ಎಂದ ಬದ್ರುದ್ದೀನ್, ಹಿಡಿದ ಕೈ ಬಿಡದೆ. "ನನ್ನ ಉಸ್ತಾದ್ ಹೇಳಿದ್ದು. ಅವರ ಅಪ್ಪ, ಅಜ್ಜ ಎಲ್ಲ ದೋಣಿಯವರು. ಮೇಜಿನ ಮೇಲೂ ಅವರು ಮೀನನ್ನು ತಿರುಗಿಸುವುದಿಲ್ಲ. ಎಲುಬನ್ನು ಹೀಗೆ ಎತ್ತಿ ತೆಗೆದು ಕೆಳಗಿನದ್ದು ತಿನ್ನುತ್ತಾರೆ. ನೀನೂ ದೋಣಿಯವ ಅಲ್ವಾ?"

ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಇಳಿಯಿತು.

"ಅಲ್ಲಿಯೂ ಹೊಳೆ ಉಂಟಾ?" ಎಂದು ಕೇಳಿದ ನೋಣಯ್ಯ.

"ಉಂಟು. ನಮ್ಮದಕ್ಕಿಂತ ದೊಡ್ಡದಂತೆ."

"ಅವರ ಕಡೆಯಲ್ಲಿಯೂ ಜನ ಮುಳುಗಿ ಹೋಗಿದ್ದಾರಾ?"

"ಹೋಗದಿದ್ದರೆ ಮೀನಿಗೆ ಇಷ್ಟು ಹೆದರುವುದುಂಟಾ ಮಾರಾಯ?"

ಬದ್ರುದ್ದೀನ್ ಚಮಚ ಹಾಕಿ ನಡುಎಲುಬನ್ನು ತಲೆಯಿಂದ ಬಾಲದವರೆಗೆ ಇಡಿಯಾಗಿ ಎತ್ತಿ ಬದಿಗಿಟ್ಟ. ನೋಣಯ್ಯ ಉಳಿದದ್ದನ್ನು ನಿಧಾನವಾಗಿ ತಿಂದ. ಎದ್ದು, ಗೋಡೆಗೆ ಬಡಿದಿದ್ದ ಮೇಜಿನ ಕಾಲನ್ನು ಕೂಡಿಸಲು ನೋಡಿದ. ಅದು ಕೂಡಲಿಲ್ಲ. ಹಾಗೇ ಹೊರಟುಹೋದ.

"ಅಲ್ಲಿ ನನ್ನಿಂದ ಆಗುವುದಿಲ್ಲ" ಎಂದ ಅಶೋಕ್‌ನೊಡನೆ.

"ಎಂತ, ಸೂಪು ಕುಡಿಸಿ ನಿನ್ನನ್ನು ಹೆಂಗಸು ಮಾಡಿದನಾ ಅವನು?"

ನೋಣಯ್ಯ ಅಶೋಕ್‌ನನ್ನು ಅಂಗಿಯ ಕೊರಳಪಟ್ಟಿಗೆ ಕೈ ಹಾಕಿ ಎತ್ತಿ ದಕ್ಕೆಯ ಅಂಚಿನಿಂದ ಆಚೆ ನೀರಿನ ಮೇಲೆ ತೂಗಾಡಿಸಿದ. ಅಶೋಕ್‌ನ ಚಪ್ಪಲಿಗಳು ಒಂದರ ಹಿಂದೆ ಒಂದು ಹೊಳೆಗೆ ಬಿದ್ದವು. ಕೆಲಸದವರೆಲ್ಲ ನೋಡುತ್ತಾ ನಿಂತಿದ್ದರು. ಆಮೇಲೆ ಅವನನ್ನು ದಡಕ್ಕೆ ಎಸೆದು ನಡೆದುಬಿಟ್ಟ. ಅವನ ದೋಣಿ ಕೆಲಸ ಆವತ್ತಿಗೆ ಮುಗಿಯಿತು. ಅಶೋಕ್ ಬರಿಗಾಲಲ್ಲಿ ಪೇಟೆ ದಾಟಿ ಮನೆಗೆ ಹೋದದ್ದನ್ನು ಮರೆಯಲಿಲ್ಲ.

ನೋಣಯ್ಯ ಮನೆಮನೆಗೆ ಹೋಗಿ ತೆಂಗಿನಕಾಯಿ ಸುಲಿಯುವ ಕೆಲಸ ಹಿಡಿದ. ಭಾನುವಾರ ಮಧ್ಯಾಹ್ನ ಬದ್ರುದ್ದೀನನ ಹೋಟೆಲು. ಒಂದು ವಾರ ಬಿಳಿಯಾಗಿ ಬೇಯಿಸಿದ ಇಡೀ ಕೋಳಿ. ಮೂಳೆಯ ಹತ್ತಿರ ನಸುಗೆಂಪು ಕಂಡು "ಬದ್ರಾಕ, ಇದರಲ್ಲಿ ರಕ್ತ ಉಂಟಲ್ಲ!" ಎಂದು ಕೂಗಿದ. "ರಕ್ತ ಕಂಡು ಹೆದರುವ ಮುಖವಾ ಇದು?" ಎಂದು ಸೈನಬ ಗಲ್ಲೆಯಿಂದಲೇ ಕೇಳಿದಳು. ಕಾಯಿಸಿದ ಎಣ್ಣೆಯಲ್ಲಿ ಬಾಡಿಸಿದ ಶುಂಠಿ ಮತ್ತು ಉಪ್ಪಿನೊಡನೆ ತಿಂದಾಗ ಅವನ ಬಾಯಿ ಮುಚ್ಚಿತು. ಇನ್ನೊಂದು ವಾರ ಗಂಜಿ. "ಗಂಜಿ ಕುಡಿಯಲಿಕ್ಕೆ ಯಾರಾದರೂ ಹೋಟೆಲಿಗೆ ಬರುತ್ತಾರಾ?" ಎಂದು ಗೊಣಗಿದ. ಅಕ್ಕಿ ಕರಗಿ ಹಾಲಿನಂತಾದ ಆ ಗಂಜಿಗೆ ಬದ್ರುದ್ದೀನ್ ಹಸಿ ಮೀನಿನ ತೆಳ್ಳಗಿನ ಹೋಳುಗಳನ್ನು ಜಾರಿಸಿದ. ಬಟ್ಟಲಲ್ಲೇ, ಕಣ್ಣೆದುರೇ, ಮೀನು ಬೆಳ್ಳಗಾಗಿ ಬೆಂದಿತು. ಕುಡಿದು ಮುಗಿಸಿದ ನೋಣಯ್ಯ ಬಟ್ಟಲನ್ನು ಮತ್ತೆ ಮುಂದೆ ಚಾಚಿದ. ಇಲ್ಲಿ ಯಾವುದನ್ನೂ ಗಬಗಬ ತಿನ್ನುವಂತಿರಲಿಲ್ಲ. ನಿಧಾನಕ್ಕೆ ತಿನ್ನುವ ಹೊತ್ತಿನಲ್ಲಿ ಅವನ ಮೈಯೂ ನಿಧಾನವಾಗುತ್ತಿತ್ತು.

ಮೀನು ತಿಂದು ಅವನು ಸಾಧುವಾದ ಎಂದು ಯಾರೂ ತಿಳಿಯಬಾರದು. ಅದೇ ದಿನಗಳಲ್ಲಿ ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ಕಾಲು ತುಳಿದ ಒಬ್ಬ ಕಂಡಕ್ಟರನ ಮೂಗು ಒಡೆದಿದ್ದ. ಆದರೆ ಆ ಸಂಜೆ ಹೋಟೆಲಿಗೆ ಬಂದು, ಏನೂ ತಿನ್ನದೆ, "ಸೈನಬಕ್ಕ, ಕುಸುಮನಿಗೆ ಒಂದು ಫೋನು ಮಾಡುತ್ತೀರಾ?" ಎಂದು ಕೇಳಿದ.

ಸೈನಬ ಮತ್ತು ಕುಸುಮ ಹಿಂದೆ ಒಂದೇ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದವರು. ಸೈನಬ ಮಾಡಿದಳು. ಆ ಕಡೆಯಿಂದ ಕುಸುಮ ಹೇಳಿದಳು:

"ಮನೆಗೆ ಬರುವುದಿಲ್ಲ. ನಿನ್ನ ಹೋಟೆಲಿಗೆ ಬರ್ತೇನೆ, ತೃಪ್ತಿಯನ್ನೂ ಕರ್ಕೊಂಡು. ಒಂದು ಊಟ. ಊಟ ಮುಗಿಯುವವರೆಗೆ ನೋಡ್ತೇನೆ. ಸರಿ ಕಂಡರೆ ಅಲ್ಲಿಂದ ಮನೆಗೆ ಹೋಗುವ. ಆದರೆ ಹೇಳು ಅವರಿಗೆ, ನನ್ನ ಮೇಲೆ ಅಂತ ಅಲ್ಲ, ಯಾರ ಮೇಲೆ ಆ ಸಿಟ್ಟು ಕಂಡರೂ ಅದೇ ಕಡೆಯದ್ದು."

ಆ ಭಾನುವಾರ ನೋಣಯ್ಯ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದು, ಗೋಡೆಗೆ ಬೆನ್ನು ಕೊಟ್ಟು ಕುಳಿತ. ಕುಸುಮ ಬಾಗಿಲ ಕಡೆಯ ಕುರ್ಚಿ ಆರಿಸಿಕೊಂಡಳು. ಚೀಲ ಮಡಿಲಿನಿಂದ ಇಳಿಸಲಿಲ್ಲ. ತೃಪ್ತಿ ಈಗ ಬೆಳ್ತಂಗಡಿಯಲ್ಲಿ ಪಿಯುಸಿ ಓದುತ್ತಿದ್ದಳು. ಎಡಗೈಯ ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿತ್ತು, ಚರ್ಮದ ಮೇಲೆ ಅರ್ಧಚಂದ್ರದಂಥ ಕಲೆ.

"ಎಂತ ತಿನ್ನುವ ಮಗಳೇ?" ಎಂದು ಬದ್ರುದ್ದೀನ್ ಬಗ್ಗಿ ಕೇಳಿದ.

"ಗೋಬಿ ಮಂಚೂರಿ."

"ಶಾರ್ಜಾದಲ್ಲಿ ಅಷ್ಟು ವರ್ಷ ಬೆವರು ಸುರಿಸಿದ್ದು ಗೋಬಿಗೆ ಬಣ್ಣ ಹಾಕಲಿಕ್ಕಾ? ಕೂತುಕೋ. ಮೀನು ತರ್ತೇನೆ."

ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಅರ್ಧಗೋಡೆ ಮಾತ್ರ. ಕುಸುಮ ಕತ್ತು ಚಾಚಿ ನೋಡಿದಳು. "ಸೈನಬ, ಅದು ನಮ್ಮ ತೊಂದೂರಲ್ಲವಾ? ಕಡುಬು ಬೇಯಿಸುವುದು?"

"ಮತ್ತೆ? ಚೀನಾದ ಪಾತ್ರೆ ಅಂತ ತಂದದ್ದರ ತಳ ಸುಟ್ಟುಹೋಯಿತು. ನನ್ನ ಉಮ್ಮನ ತೊಂದೂರು ಕೊಟ್ಟೆ. ಹಬೆಗೆ ಚೀನಾ ಯಾವುದು, ಬಂಟ್ವಾಳ ಯಾವುದು?"

ಕುಸುಮಳ ತುಟಿಯಲ್ಲಿ ನಗುವಿನಂಥದ್ದು ಸುಳಿಯಿತು. ಬದ್ರುದ್ದೀನ್ ಮೀನನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಹೊಗೆಯಾಡುವ ಎಣ್ಣೆ ಸುರಿದ. ಚುರ್ ಎಂಬ ಸದ್ದಿಗೆ ತೃಪ್ತಿ ಬೆಚ್ಚಿ ಎಡಗೈಯನ್ನು ಎದೆಗೆ ಎಳೆದುಕೊಂಡಳು. ನೋಣಯ್ಯ ಅದನ್ನು ನೋಡಿದ. ತಲೆ ತಗ್ಗಿಸಿದ. ಆಮೇಲೆ ಮೀನಿನ ಕೆನ್ನೆಯ ಚಿಕ್ಕ ತುಂಡನ್ನು ಚಮಚದಿಂದ ಬಿಡಿಸಿ ಮಗಳ ತಟ್ಟೆಗೆ ಹಾಕಿದ. ಹೊಟ್ಟೆಯ ಕಡೆಯ ಮೆತ್ತಗಿನದ್ದನ್ನು ಹೆಂಡತಿಗೆ ಹಾಕಿದ.

"ಉಪ್ಪು ಸರಿ ಉಂಟು" ಎಂದಳು ಕುಸುಮ. ಅಷ್ಟು ಕಾಲದ ಮೇಲೆ ಗಂಡನಿಗೆ ಅವಳು ಹೇಳಿದ ಮೊದಲ ಮಾತು.

"ಮಸಾಲೆಯೇ ಇಲ್ಲ, ಆದರೂ ಸಾಕು ಅನಿಸುವುದಿಲ್ಲ ಅಪ್ಪ" ಎಂದಳು ತೃಪ್ತಿ. ಮೇಲಿನ ಮೈ ಮುಗಿದಾಗ ಅವಳ ಕೈ ಬಾಲದ ಕಡೆಗೆ ಹೋಯಿತು. ನೋಣಯ್ಯ ಮೆಲ್ಲಗೆ ಹೇಳಿದ: "ಮಗುಚಬಾರದು ಮಗಾ. ದೋಣಿಯವರು ಮಗುಚುವುದಿಲ್ಲ. ಎಲುಬು ಎತ್ತಬೇಕು."

ಕುಸುಮಳ ಕೈ ತಟ್ಟೆಯಲ್ಲೇ ನಿಂತಿತು. ಆ ಶಬ್ದ ಅವನ ಬಾಯಿಯಿಂದಲೇ ಬಂದಿತ್ತು, ಮತ್ತು ಏನೂ ಒಡೆದಿರಲಿಲ್ಲ. ಅವಳು ಮಡಿಲಿನ ಚೀಲವನ್ನು ತೆಗೆದು ಪಕ್ಕದ ಕುರ್ಚಿಯ ಮೇಲಿಟ್ಟಳು.

ಆಗಲೇ ಅಶೋಕ್ ಬಂದ. ಹಿಂದೆ ಫಯಾಝ್, ನೋಣಯ್ಯನ ನಂತರ ಅಶೋಕ್ ಇಟ್ಟುಕೊಂಡ ಹೊಸ ಕೈ. ಎತ್ತರದ, ಕತ್ತು ದಪ್ಪಗಿನ ಮನುಷ್ಯ.

"ಓ! ಸಂಸಾರ ಸಮೇತ!" ಅಶೋಕ್ ಕುರ್ಚಿ ಎಳೆದು ಅವರ ಮೇಜಿಗೇ ಕುಳಿತ. "ಎಂತ ಕುಸುಮಕ್ಕ, ತಿರುಗಿ ಬಂದಿರಾ? ಪೆಟ್ಟಿನ ರುಚಿ ಹತ್ತಿದರೆ ಬಿಡುವುದಿಲ್ಲ ಅಲ್ವಾ?"

ನೋಣಯ್ಯ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬೋರಲಾಗಿಟ್ಟು ಬೆರಳು ಅಗಲಿಸಿದ. ಉಗುರಿನ ಬುಡ ಬೆಳ್ಳಗಾಗುವಷ್ಟು ಒತ್ತಿದ. ಕುಸುಮ ನೋಡುತ್ತಿದ್ದಳು.

"ಇದೆಂತ, ಅರ್ಧ ಬಿಟ್ಟಿದ್ದೀರಿ?" ಅಶೋಕ್ ಬೆರಳು ಹಾಕಿ ಮೀನನ್ನು ತಟಕ್ಕನೆ ಮಗುಚಿದ. ರಸ ತೃಪ್ತಿಯ ಅಂಗಿಗೆ ಸಿಡಿಯಿತು.

"ಹಾಗೆ ಮಾಡಬಾರದು!" ಎಂದಳು ತೃಪ್ತಿ.

"ಯಾಕೆ ಪುಟ್ಟೀ?"

"ದೋಣಿ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಅಶೋಕ್‌ಗೆ ಅರ್ಥವಾಯಿತು. ಅವನು ಹೊಟ್ಟೆ ಹಿಡಿದು ನಕ್ಕ. "ಹಾಗಾದರೆ ಶಂಭು ಸತ್ತದ್ದು ಮೀನಿನಿಂದ! ಆವತ್ತು ಬುತ್ತಿಯಲ್ಲಿ ಮೀನು ಮಗುಚಿದ್ದು ಯಾರು ನೋಣಯ್ಯ, ನೀನಾ, ಅವನಾ?"

ನೋಣಯ್ಯನ ಕುತ್ತಿಗೆಯ ನರ ಎದ್ದು ಕುಣಿಯಿತು. ಕೈ ಮೇಜು ಬಿಡಲಿಲ್ಲ. "ಎದ್ದು ಹೋಗಿ ಅಶೋಕಣ್ಣ" ಎಂದ. "ಮಗಳು ಉಣ್ಣುವ ಹೊತ್ತು."

ಬದ್ರುದ್ದೀನ್ ಹೊರಗೆ ಬಂದ. "ಇದು ನನ್ನ ಹೋಟೆಲು. ಎದ್ದೇಳು ಅಶೋಕ."

ಅಶೋಕ್ ಫಯಾಝ್‌ನ ಕಡೆಗೆ ಕಣ್ಣು ಮಾಡಿದ. ಫಯಾಝ್ ಬದ್ರುದ್ದೀನನ ಕುತ್ತಿಗೆ ಹಿಡಿದು ಅಡುಗೆಮನೆಗೆ ದಬ್ಬಿದ. ಕಲ್ಲಿನ ಕಟ್ಟೆಗೆ ಅವನ ಹಣೆ ಬಡಿಸಿದ. ಒಮ್ಮೆ, ಮತ್ತೊಮ್ಮೆ. ಹೆಚ್ಚಿಟ್ಟ ಶುಂಠಿಯ ಮೇಲೆ ರಕ್ತ ಇಳಿಯಿತು. "ಹಿಂದಿನ ಬಾಗಿಲಿನ ಕೀ ಎಲ್ಲಿ?" ಎನ್ನುತ್ತಾ, ಒಲೆಯ ಮೇಲೆ ಕುದಿಯುತ್ತಿದ್ದ ಎಣ್ಣೆಯ ಬಾಣಲೆಯ ಕಡೆಗೆ ಅವನ ಮುಖವನ್ನು ಬಗ್ಗಿಸತೊಡಗಿದ. ಸೈನಬ ಸೌಟಿನಿಂದ ಫಯಾಝ್‌ನ ಬೆನ್ನಿಗೆ ಬಡಿದಳು. ಅವನು ಕಾಲಿನಿಂದ ಅವಳನ್ನು ಗೋಡೆಗೆ ಒದ್ದ.

ನೋಣಯ್ಯ ಹೆಂಡತಿಯ ಮುಖ ನೋಡಿದ. ಕುಸುಮ ಹೌದೆಂಬಂತೆ ತಲೆಯಾಡಿಸಿದಳು: ಹೋಗಿ.

ಅವನು ಅರ್ಧಗೋಡೆಯನ್ನು ಹಾರಿಯೇ ದಾಟಿದ. ಮೊದಲ ಪೆಟ್ಟಿಗೆ ಫಯಾಝ್‌ನ ಹಿಡಿತ ಬಿಟ್ಟಿತು. ಎರಡನೆಯದಕ್ಕೆ ಅವನು ವಾಲಿದ, ಅವನ ಕೈಯೇ ಎಣ್ಣೆಗೆ ಬಿತ್ತು. ಅವನ ಕಿರುಚಾಟಕ್ಕೆ ಓಣಿಯ ಕಾಗೆಗಳು ಎದ್ದವು. ಸುಟ್ಟ ಕೈಯನ್ನು ಎದೆಗವಚಿಕೊಂಡು ಅವನು ಬೀಗ ಹಾಕಿದ್ದ ಹಿಂದಿನ ಬಾಗಿಲನ್ನು ಒದ್ದು ತೆರೆದು ಹೊಳೆಯ ಕಡೆಗೆ ಓಡಿದ. ಬದ್ರುದ್ದೀನ್ ನೆಲಕ್ಕೆ ಕುಸಿದ. ಅವನು ಉಸಿರಾಡುತ್ತಿದ್ದ.

ಅಶೋಕ್ ಎದ್ದು ಎರಡೂ ಕೈ ಮೇಲೆತ್ತಿದ. "ಸಾಕು, ಸಾಕು ನೋಣಯ್ಯ. ನಾನು ಹೋಗ್ತೇನೆ. ತಮಾಷೆಗೆ ಹೇಳಿದ್ದು ಮಾರಾಯ." ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಾಗಿಲ ಕಡೆಗೆ ಸರಿಯತೊಡಗಿದ.

ನೋಣಯ್ಯ ಅವನಿಗಿಂತ ಮೊದಲು ಬಾಗಿಲಿಗೆ ಬಂದ. ಶಟರನ್ನು ಎಳೆದು ಮುಚ್ಚಿದ.

ಆಮೇಲೆ ನಡೆದದ್ದಕ್ಕೆ ಜಗಳ ಎನ್ನಲಾಗುವುದಿಲ್ಲ, ಜಗಳಕ್ಕೆ ಇಬ್ಬರು ಬೇಕು. ಮೂಗು ಒಡೆಯಿತು. ಬಿದ್ದವನ ಪಕ್ಕೆಗೆ ಒದ್ದ. ಎದ್ದು ಕೂರಲು ನೆಲಕ್ಕೆ ಊರಿದ ಕೈಯ ಮೇಲೆ ಮೊಣಕಾಲು ಹಾಕಿ ಅದನ್ನು ಹಿಂದಕ್ಕೆ ತಿರುಚಿದ. ಎಲುಬು ಮುರಿದ ಸದ್ದಿಗೆ ತೃಪ್ತಿ ಕಿವಿ ಮುಚ್ಚಿಕೊಂಡಳು. ಆ ಸದ್ದು ಅವಳಿಗೆ ಗೊತ್ತಿತ್ತು. "ಸಾಕು!" ಎಂದು ಕುಸುಮ ಕೂಗಿದಳು. ಅದು ನೋಣಯ್ಯನಿಗೆ ಕೇಳಿಸಿತು. ನೀರಿನ ಅಡಿಯಲ್ಲಿ ಇರುವಾಗ ದಡದವರು ಕೂಗಿದ ಹಾಗೆ, ದೂರದಿಂದ ಕೇಳಿಸಿತು. ಕೇಳಿಸಿದ ಮೇಲೆಯೂ ಹೊಡೆದ. ಮೈ ಹಗುರವಾಗುತ್ತಿತ್ತು, ತೋಳಿಗೆ ದಣಿವೇ ಇರಲಿಲ್ಲ, ಹೊಡೆದಷ್ಟೂ ಹಿತವಾಗುತ್ತಿತ್ತು. "ಇನ್ನೂ ಹಾಕಿ ಅಂತ ಹೇಳು! ಹೊಟ್ಟೆ ತುಂಬಲಿಲ್ಲ ಅಂತ ಹೇಳು!" ಎನ್ನುತ್ತಾ ಹೊಡೆದ. ಹಣೆಯಿಂದ ರಕ್ತ ಸುರಿಯುತ್ತಿದ್ದ ಬದ್ರುದ್ದೀನ್ ತೆವಳಿಕೊಂಡು ಬಂದು ಅವನ ತೋಳಿಗೆ ಜೋತುಬಿದ್ದ. "ಸಾಯ್ತಾನೆ ನೋಣಯ್ಯಣ್ಣ. ನನ್ನ ಹೋಟೆಲಿನಲ್ಲಿ ಬೇಡ" ಎಂದು ಅತ್ತ. ಆಗ ನಿಂತಿತು.

ಅಶೋಕ್‌ನ ಬಾಯಿಯಿಂದ ಗುಳ್ಳೆಗುಳ್ಳೆಯಾಗಿ ರಕ್ತ ಬರುತ್ತಿತ್ತು. ಸತ್ತಿರಲಿಲ್ಲ.

ಕುಸುಮ ಚೀಲ ಎತ್ತಿಕೊಂಡಳು. ಮಗಳ ಕೈ ಹಿಡಿದುಕೊಂಡು ಬಂದು ತಾನೇ ಶಟರು ಮೇಲೆತ್ತಿದಳು. ಬೆಳಕು ಒಳಗೆ ಬಂತು. ಹೊರಗೆ ಜನ ಸೇರಿದ್ದರು. "ಯಾರು ಯಾರಿಗೆ ಹೊಡೆದದ್ದು? ಹೆಸರೆಂತ? ಹೆಸರು ಹೇಳಿ!" ಎಂದು ಕೇಳುತ್ತಿದ್ದರು. ಈ ಊರಿನಲ್ಲಿ ಜಗಳದ ಕಾರಣ ಕೇಳುವ ಮೊದಲು ಹೆಸರು ಕೇಳುತ್ತಾರೆ. ಕೆಲವರು ಮೊಬೈಲು ಹಿಡಿದು ಆಗಲೇ ಕಾಯುತ್ತಿದ್ದರು.

"ಕುಸುಮ" ಎಂದ ನೋಣಯ್ಯ. "ನೀನೇ ಹೇಳಿದ್ದಲ್ಲವಾ ಹೋಗು ಅಂತ?"

"ಹೇಳಿದ್ದೆ" ಎಂದಳು ಅವಳು. "ಬದ್ರಾಕನನ್ನು ಬಿಡಿಸಿದ್ದು ಸರಿ. ನೀವು ಹೋಗದಿದ್ದರೆ ನಾನೇ ಏಳುತ್ತಿದ್ದೆ. ಆಮೇಲೆ ಬಾಗಿಲು ಹಾಕಿದಿರಲ್ಲ. ಆ ಮುಖ ನನಗೆ ಗೊತ್ತುಂಟು. ಅದನ್ನು ನಾನು ನೆಲದಲ್ಲಿ ಬಿದ್ದುಕೊಂಡು ಎಷ್ಟು ಸಲ ನೋಡಿದ್ದೇನೆ."

ಅವಳು ಹೊಸ್ತಿಲು ಇಳಿದು ಓಣಿಯ ತುದಿಯಲ್ಲಿದ್ದ ಆಟೋದ ಕಡೆಗೆ ನಡೆದಳು.

ಆಂಬುಲೆನ್ಸಿನ ಹಿಂದೆಯೇ ಪೊಲೀಸರು ಬಂದರು. ಹೆಡ್ ಕಾನ್‌ಸ್ಟೇಬಲ್ ಒಳಗೆ ಕಣ್ಣಾಡಿಸಿ, "ಯಾರದ್ದು ಈ ಕೆಲಸ?" ಎಂದು ಕೇಳಿದರು. ಬದ್ರುದ್ದೀನ್ ಹಣೆಗೆ ಬಟ್ಟೆ ಒತ್ತಿಕೊಂಡು ಮುಂದೆ ಬಂದ. "ನನ್ನನ್ನು ಬಿಡಿಸಲಿಕ್ಕೆ ಹೊಡೆದದ್ದು ಸರ್. ಇಲ್ಲದಿದ್ದರೆ ನನ್ನ ಮುಖ ಎಣ್ಣೆಯಲ್ಲಿ ಇರ್ತಿತ್ತು." ಓಣಿಯವರೂ ದನಿಗೂಡಿಸಿದರು: "ಹೌದು ಸರ್, ಬಿಡಿಸಲಿಕ್ಕೆ. ನಾವು ನೋಡಿದ್ದೇವೆ." ಶಟರಿನ ಹೊರಗೆ ನಿಂತವರು ಏನನ್ನೂ ನೋಡಿರಲಿಲ್ಲ. ಆದರೆ ಎಲ್ಲರ ಮುಖದಲ್ಲೂ ಒಂದೇ ಮಾತಿತ್ತು, ಸುಮ್ಮನಿದ್ದುಬಿಡು ನೋಣಯ್ಯ.

ಆಟೋ ಇನ್ನೂ ಹೊರಟಿರಲಿಲ್ಲ. ತೃಪ್ತಿ ಒಳಗೆ ಕುಳಿತಿದ್ದಳು. ಕುಸುಮ ಒಂದು ಕಾಲು ಒಳಗಿಟ್ಟು ಇತ್ತಲೇ ತಿರುಗಿ ನಿಂತಿದ್ದಳು.

"ಅಲ್ಲ ಸರ್" ಎಂದ ನೋಣಯ್ಯ, ಓಣಿಯ ತುದಿಯವರೆಗೆ ಕೇಳುವ ಹಾಗೆ. "ಬದ್ರಾಕನನ್ನು ಬಿಡಿಸಿ ಆಗಿತ್ತು. ಇವರು ಹೋಗ್ತೇನೆ ಅಂತ ಕೈ ಎತ್ತಿದ್ದರು. ಬಾಗಿಲು ಹಾಕಿದ್ದು ನಾನು. ಹೆಂಡತಿ ಸಾಕು ಅಂದದ್ದು ಕೇಳಿಸಿತ್ತು. ಕೇಳಿದ ಮೇಲೆಯೂ ಹೊಡೆದೆ. ಹಾಗೇ ಬರೆದುಕೊಳ್ಳಿ."

ಮೊಬೈಲು ಹಿಡಿದಿದ್ದವರು ಒಬ್ಬೊಬ್ಬರಾಗಿ ಕೈ ಇಳಿಸಿದರು. ಬದ್ರುದ್ದೀನ್ "ನಿನಗೆ ತಲೆ ಉಂಟಾ?" ಎಂದು ಗದರಿದ. ಹೆಡ್ ಕಾನ್‌ಸ್ಟೇಬಲ್ ನೋಣಯ್ಯನಿಗೆ ಜೀಪಿನ ಕಡೆಗೆ ಕೈ ತೋರಿಸಿದರು.

ಕುಸುಮ ತಿರುಗಿ ಬರಬಹುದೆಂದು ಸೈನಬ ಕುತ್ತಿಗೆ ಉದ್ದ ಮಾಡಿ ಕಾದಳು.

"ಮುಂಡಾಜೆಗೆ ಈಗ ಬಸ್ಸು ಉಂಟಾ ಅಣ್ಣಾ?" ಎಂದು ಕುಸುಮ ಆಟೋದವನನ್ನು ಕೇಳಿದಳು.

"ಬಿ.ಸಿ. ರೋಡಿನಿಂದ ಸಿಗ್ತದೆ ಅಕ್ಕ."

"ಹೋಗುವ" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದು ನೋಣಯ್ಯನಿಗೂ ಕೇಳಿಸಿತು.